1178ರಲ್ಲಿ ಕಲ್ಯಾಣದ ದೊರೆ ಯಾರು? ಒಂದು ಆಟದ ಮಾಡ್ ಮತ್ತು ಶಾಸನಗಳ ಸಾಕ್ಷ್ಯ

ಶಾಸನ, ವೀರಗಲ್ಲು, ಲಿಪಿ ಅಂತ ಓದಲು ಬರುವವರಿಗೆ ಇಲ್ಲಿ ಕಂಪ್ಯೂಟರ್ ಆಟವೊಂದರ ವಿಮರ್ಶೆ ಎದುರಾದರೆ ವಿಚಿತ್ರ ಅನ್ನಿಸಬಹುದು. ಆದರೆ ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಕಳಚುರಿ ಎಂಬ ಹೆಸರುಗಳಲ್ಲಿ ಆಸಕ್ತಿ ಹುಟ್ಟಿ ನನ್ನನ್ನು ಪ್ರಶ್ನೆ ಕೇಳುವ ಕಿರಿಯರಲ್ಲಿ ಕೆಲವರಿಗೆ ಆ ಆಸಕ್ತಿ ಬಂದದ್ದು ಪಠ್ಯಪುಸ್ತಕದಿಂದಲ್ಲ, ಬಾದಾಮಿ ಪ್ರವಾಸದಿಂದಲೂ ಅಲ್ಲ. ಕ್ರುಸೇಡರ್ ಕಿಂಗ್ಸ್ ಎಂಬ ಆಟದಿಂದ. ಅಂಥ ಇಬ್ಬರು, ಆ ಆಟಕ್ಕೆ ದಖನ್ನಿನ ಭಾಗವನ್ನು ತಿದ್ದುವ ಒಂದು ಪುಟ್ಟ ಮಾಡ್ ನೋಡಿಕೊಳ್ಳುತ್ತಿರುವವರು, ಹೊಸ ಆವೃತ್ತಿಗೆ ಅದನ್ನು ಅಪ್‌ಡೇಟ್ ಮಾಡುವಾಗ ರಾಜರ ಪಟ್ಟಿಯನ್ನೊಮ್ಮೆ ನೋಡಿಕೊಡಿ ಅಂದರು. ನೋಡಿದೆ. ಆಟಕ್ಕಿಂತ ಅದರ ಫೈಲುಗಳೇ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದವು. ಈ ಬರಹ ಆ ಫೈಲುಗಳ ಬಗ್ಗೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇದು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿರುವ ಪ್ಯಾರಡಾಕ್ಸ್ ಸಂಸ್ಥೆಯ ಸರಣಿ. ಎರಡನೆಯ ಆಟ 2012ರಲ್ಲಿ ಬಂತು. 2014ರ ಮಾರ್ಚ್‌ನಲ್ಲಿ 'ರಾಜಾಸ್ ಆಫ್ ಇಂಡಿಯಾ' ಎಂಬ ವಿಸ್ತರಣೆ ಬಂದಾಗ ಭಾರತ ಅದರ ಭೂಪಟಕ್ಕೆ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಬಂದ ಮೂರನೆಯ ಆಟದಲ್ಲಿ ಭಾರತ ಮೊದಲ ದಿನದಿಂದಲೇ ಇದೆ. ಮಧ್ಯಯುಗದ ಒಬ್ಬ ದೊರೆಯನ್ನೋ ಮಾಂಡಲಿಕನನ್ನೋ ಆಯ್ದುಕೊಂಡು, ಅವನ ವಂಶವನ್ನು ತಲೆಮಾರುಗಳವರೆಗೆ ನಡೆಸಿಕೊಂಡು ಹೋಗುವುದು ಆಟ. ನೆಲವನ್ನು ಬ್ಯಾರನಿ, ಕೌಂಟಿ, ಡಚಿ, ಕಿಂಗ್‌ಡಮ್, ಎಂಪೈರ್ ಮುಂತಾದ ಮೆಟ್ಟಿಲುಗಳಾಗಿ ಹಂಚಿದ್ದಾರೆ. ಯಾವ ದಿನ ಯಾವ ನೆಲ ಯಾರ ಕೈಯಲ್ಲಿತ್ತು ಎಂಬುದೆಲ್ಲ ಸಾದಾ ಅಕ್ಷರದ ಫೈಲುಗಳಲ್ಲಿದೆ. ನೋಟ್‌ಪ್ಯಾಡಿನಲ್ಲಿ ತೆರೆದು ಯಾರು ಬೇಕಾದರೂ ತಿದ್ದಬಹುದು. ಹಾಗೆ ತಿದ್ದಿ ಹಂಚುವುದಕ್ಕೇ ಮಾಡ್ ಅನ್ನುವುದು.

ಸಂಸ್ಥೆ ಆಟವನ್ನು ಆಗಾಗ ಬದಲಾಯಿಸುತ್ತಿರುತ್ತದೆ, ಪ್ರತಿ ಬದಲಾವಣೆಗೂ ಮಾಡ್ ಮುರಿಯುತ್ತದೆ. ಮಾಡ್‌ನಲ್ಲಿ ಮೂಲ ಆಟದ್ದೇ ಹೆಸರಿನ ಫೈಲ್ ಇದ್ದರೆ ಆಟ ತನ್ನದನ್ನು ಬಿಟ್ಟು ಮಾಡ್‌ನದನ್ನು ಇಡಿಯಾಗಿ ಓದುತ್ತದೆ. ಹೀಗಾಗಿ ಮೂಲದಲ್ಲಿ ಏನೇ ಹೊಸದು ಸೇರಿದರೂ ಹಳೆಯ ಮಾಡ್ ಅದನ್ನು ಮುಚ್ಚಿಬಿಡುತ್ತದೆ. ಅಪ್‌ಡೇಟ್ ಮಾಡುವವರು ಮೂಲದ ಹಳೆ ಪ್ರತಿ, ಹೊಸ ಪ್ರತಿ, ತಮ್ಮ ಪ್ರತಿ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಬೇಕು. ಹಸ್ತಪ್ರತಿ ಸಂಪಾದನೆ ಮಾಡಿದವರಿಗೆ ಇದು ಹೊಸ ಕೆಲಸವೇನಲ್ಲ, ಪಾಠಾಂತರ ನೋಡುವುದು ಅಂದರೆ ಇದೇ. ಈ ಹೋಲಿಕೆ ಬರಿಯ ಅಲಂಕಾರದ ಮಾತಲ್ಲ. ಕೊನೆಯಲ್ಲಿ ನಾನು ಎತ್ತುವ ದೂರು ಇದರ ಮೇಲೇ ನಿಂತಿದೆ.

ಒಂದೇ ದಿನದ ಕರ್ನಾಟಕ

ಮೊದಲು ಮೆಚ್ಚುಗೆ. ನಮ್ಮ ಇತಿಹಾಸದ ಪುಸ್ತಕಗಳು ವಂಶದ ಲೆಕ್ಕದಲ್ಲಿ ಸಾಗುತ್ತವೆ. ಕದಂಬರ ಅಧ್ಯಾಯ ಮುಗಿದರೆ ಗಂಗರದು, ಅದು ಮುಗಿದರೆ ಚಾಲುಕ್ಯರದು. ಒಂದು ಗೊತ್ತಾದ ದಿನ ಬನವಾಸಿಯಲ್ಲಿ ಯಾರಿದ್ದರು, ಅದೇ ದಿನ ಬೆಳ್ವೊಲದಲ್ಲಿ ಯಾರು, ಹುಂಚದಲ್ಲಿ ಯಾರು ಅಂತ ಯಾರೂ ಕೇಳುವುದಿಲ್ಲ. ಈ ಆಟ ಕೇಳುತ್ತದೆ, ಕೇಳಲೇಬೇಕು. ಆಟ ಶುರುವಾಗುವ ದಿನ ಪ್ರತಿ ಕೌಂಟಿಗೂ ಒಬ್ಬ ಒಡೆಯ ಬೇಕಾದ್ದರಿಂದ, ವಂಶಾವಳಿಗಳ ನಡುವೆ ನಾವು ಹಾರಿ ದಾಟುವ ಸಂದುಗಳೆಲ್ಲ ಅಲ್ಲಿ ಎದ್ದು ಕಾಣುತ್ತವೆ. ಒಂದು ನಾಡಿನ ಶಾಸನಗಳನ್ನು ಇಸವಿವಾರು ಜೋಡಿಸುವ ಅಭ್ಯಾಸ ಬೆಳೆಸಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಮನೆಪಾಠ ಸಿಗುವುದು ಕಷ್ಟ.

ದಿನಗಳನ್ನು ಆರಿಸಿದ್ದು ಮಾತ್ರ ನಮಗಾಗಿ ಅಲ್ಲ. 1066ರ ಸೆಪ್ಟೆಂಬರ್ 15 ಇಂಗ್ಲೆಂಡಿನ ಹೇಸ್ಟಿಂಗ್ಸ್ ಯುದ್ಧಕ್ಕೆ ಒಂದು ತಿಂಗಳ ಮೊದಲು. 867ರ ಜನವರಿ 1 ವೈಕಿಂಗರ ಕಾಲ. ಆದರೂ 867 ನಮ್ಮ ಪಾಲಿಗೆ ಅದೃಷ್ಟದ ವರ್ಷ. ನವಲಗುಂದ ಸೀಮೆಯ ಶಿರೂರು ಶಾಸನ ಅಮೋಘವರ್ಷ ನೃಪತುಂಗನ 52ನೆಯ ಆಳ್ವಿಕೆಯ ವರ್ಷದ್ದು, ಶಕ 788, ವ್ಯಯ ಸಂವತ್ಸರ, ಜ್ಯೇಷ್ಠ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ. ಲೆಕ್ಕ ಹಾಕಿದರೆ ಕ್ರಿ.ಶ. 866ರ ಜೂನ್ 16, ಭಾನುವಾರ. ಗ್ರಹಣವೂ ವಾರವೂ ಕೂಡಿಬರುವ ಗಟ್ಟಿ ತೇದಿ. ಗದಗ ಸೀಮೆಯ ನೀಲಗುಂದ ಶಾಸನ ಇದರ ಒಡಹುಟ್ಟಿನಂತಿದೆ, ಅದೂ ಅದೇ ವರ್ಷದ್ದು. ಎರಡರಲ್ಲೂ ಅಣ್ಣಿಗೇರಿಯಲ್ಲಿದ್ದು ಬೆಳ್ವೊಲ 300ನ್ನು ಆಳುತ್ತಿದ್ದ ದೇವಣ್ಣಯ್ಯನ ಹೆಸರಿದೆ. ಆಟ ಶುರುವಾಗುವ ಹೊತ್ತಿಗೆ ಆರೂವರೆ ತಿಂಗಳ ಹಿಂದೆ ಒಂದು ನಾಡಿನ ಆಳ್ವಿಕೆ ಯಾರ ಕೈಯಲ್ಲಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷ್ಯ! ಒಂಬತ್ತನೆಯ ಶತಮಾನದ ಯಾವ ದೇಶಕ್ಕಾದರೂ ಇದು ಹೆಮ್ಮೆಯ ವಿಷಯ.

ಮಾಡ್‌ನ ಹಳೆಯ ಆವೃತ್ತಿಯಲ್ಲಿ ದೇವಣ್ಣಯ್ಯ ಇರಲಿಲ್ಲ. ಬೆಳ್ವೊಲಕ್ಕೆ ಯಾವುದೋ ಕಲ್ಪಿತ ಹೆಸರಿತ್ತು. ಬನವಾಸಿಗೆ ಮಾತ್ರ ಬಂಕೆಯ ಇದ್ದ, ಅವನ ಶೌರ್ಯಕ್ಕೆ ಒಳ್ಳೊಳ್ಳೆಯ ಅಂಕಗಳೂ ಇದ್ದವು. ಇದು ಸಹಜವೇ. ಬಂಕಾಪುರಕ್ಕೆ ಹೆಸರು ಕೊಟ್ಟ ಬಂಕೆಯನನ್ನು ಯಾರು ಮರೆಯುತ್ತಾರೆ? ದೇವಣ್ಣಯ್ಯನನ್ನು ಯಾರು ನೆನೆಯುತ್ತಾರೆ? ಆದರೆ ಸಾಕ್ಷ್ಯದ ದೃಷ್ಟಿಯಿಂದ ನೋಡಿ. ಬಂಕೆಯ ಬನವಾಸಿ 12000 ಮೊದಲಾದ ನಾಡುಗಳನ್ನು ಆಳುತ್ತಿದ್ದ ಎಂಬುದಕ್ಕೆ ನಿಡಗುಂದಿಯ ಶಾಸನದಂಥ ಆಧಾರವಿದೆ, ಅದರಲ್ಲಿ ಅನುಮಾನವಿಲ್ಲ. ಅವನ ದಂಡಯಾತ್ರೆಗಳ ಆ ರೋಚಕ ಕಥನ ಮಾತ್ರ ಬರುವುದು ಕೊಣ್ಣೂರಿನ ಕಲ್ಲಿನಿಂದ. ಆ ಶಾಸನ ತಾನು ಶಕ 782ರದ್ದು, ಅಂದರೆ 860ರದ್ದು, ಅನ್ನುತ್ತದೆ. ಆದರೆ ಕಲ್ಲು ಕೆತ್ತಿಸಿದ್ದು ಶತಮಾನಗಳ ನಂತರ. ಹಳೆಯ ತಾಮ್ರಪಟದ ಪ್ರತಿ ಇದು ಅಂತ ಅದೇ ಹೇಳಿಕೊಳ್ಳುತ್ತದೆ. ಎಪಿಗ್ರಾಫಿಯಾ ಇಂಡಿಕಾದಲ್ಲಿ ಅದನ್ನು ಪ್ರಕಟಿಸಿದ ಕೀಲ್‌ಹಾರ್ನ್ ಅದನ್ನು ಕೃತಕ ಶಾಸನಗಳ ಸಾಲಿಗೇ ಸೇರಿಸಿದ್ದರು. ಹಾಗಂತ ಅದರಲ್ಲಿರುವುದೆಲ್ಲ ಸುಳ್ಳು ಎಂದಲ್ಲ. ತೂಕ ಬೇರೆ, ಅಷ್ಟೆ.

ಆಟದ ಫೈಲಿಗೆ ಈ ತೂಕ ಗೊತ್ತಿಲ್ಲ. ದೇವಣ್ಣಯ್ಯನಿಗೂ ಒಂದು ಸಾಲು, ಬಂಕೆಯನಿಗೂ ಒಂದು ಸಾಲು, ಜಾಗ ತುಂಬಲು ಹುಟ್ಟಿಸಿದವನಿಗೂ ಒಂದು ಸಾಲು. ಮೂರೂ ಒಂದೇ ಬಣ್ಣ, ಒಂದೇ ದಪ್ಪ.

ಎಲ್ಲರೂ ಜನವರಿ ಒಂದರಂದೇ ಹುಟ್ಟಿದವರು

ಒಬ್ಬ ವ್ಯಕ್ತಿಯನ್ನು ಆಟಕ್ಕೆ ಸೇರಿಸಬೇಕಾದರೆ ಹುಟ್ಟಿದ ದಿನ ಬೇಕು, ಸತ್ತ ದಿನ ಬೇಕು. ವರ್ಷ, ತಿಂಗಳು, ತಾರೀಖು ಮೂರೂ ಬೇಕು. ನಮ್ಮ ಶಾಸನಗಳು ಕಾಲದ ವಿಷಯದಲ್ಲಿ ತುಂಬ ಉದಾರಿಗಳು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಸಂಕ್ರಮಣ, ಗ್ರಹಣ ಎಲ್ಲ ಕೊಡುತ್ತವೆ. ಆದರೆ ಅದೆಲ್ಲ ದಾನ ಕೊಟ್ಟ ದಿನದ್ದು, ಕೊಟ್ಟವನು ಹುಟ್ಟಿದ ದಿನದ್ದಲ್ಲ. ನಮಗೆ ಗೊತ್ತಿರುವ ಅಧಿಕಾರಿಗಳಲ್ಲಿ ಬಹುಪಾಲು ಜನ ಶಾಸನದಲ್ಲಿ ಒಮ್ಮೆ ಕಾಣಿಸಿಕೊಳ್ಳುತ್ತಾರೆ, ಮತ್ತೆ ಕಾಣಿಸುವುದಿಲ್ಲ. ಸುಂಕ ಬಿಟ್ಟರು, ಭೂಮಿ ಕೊಟ್ಟರು, ಹೋದರು.

ಮಾಡ್ ಮಾಡುವವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಮೊದಲ ಶಾಸನದ ವರ್ಷಕ್ಕೆ ಮೂವತ್ತು ಕಳೆದು ಹುಟ್ಟಿದ ವರ್ಷ, ಕೊನೆಯ ಶಾಸನಕ್ಕೆ ಒಂದೆರಡು ಸೇರಿಸಿ ಸಾವಿನ ವರ್ಷ, ದಿನ ಯಾವಾಗಲೂ ಜನವರಿ 1. ನನ್ನ ತಕರಾರು ಈ ಲೆಕ್ಕದ ಮೇಲಲ್ಲ. ಏನಾದರೂ ಹಾಕಲೇಬೇಕಲ್ಲ! ನೋಡಿದ ತಕ್ಷಣ ಊಹೆ ಅಂತ ತಿಳಿಯುವುದೇ ಜನವರಿ 1ರ ಗುಣ. ತೊಂದರೆ ಬರುವುದು ಯಾರೋ ಅದನ್ನು 'ಚೆಂದ ಮಾಡಲು' ಮಾರ್ಚ್ 14, ಆಗಸ್ಟ್ 9 ಅಂತ ಬದಲಾಯಿಸಿದಾಗ. ಆಗ ಊಹೆಗೆ ನಿಖರತೆಯ ವೇಷ ಬರುತ್ತದೆ. ಈ ಅಪ್‌ಡೇಟಿನಲ್ಲಿ ನಾನು ಹಟ ಹಿಡಿದ ಮೊದಲ ವಿಷಯ ಇದು. ತೇದಿ ಗಟ್ಟಿಯಾಗಿ ಗೊತ್ತಿರುವಲ್ಲಿ ಮಾತ್ರ ತಿಂಗಳು, ದಿನ ಬರಲಿ. ಉಳಿದದ್ದೆಲ್ಲ ಜನವರಿ 1 ಆಗಿಯೇ ಇರಲಿ.

ಇನ್ನು ಗುಣಗಳು. ಪ್ರತಿ ಪಾತ್ರಕ್ಕೂ ಧೈರ್ಯಶಾಲಿ, ಉದಾರಿ, ಶೀಲವಂತ, ಹೇಡಿ ಅಂತ ಗುಣ ಕೊಡಬೇಕು. ಶಾಸನದ ಪ್ರಶಸ್ತಿಯನ್ನು ನಂಬಿ ಕೊಟ್ಟರೆ ಏನಾಗುತ್ತದೆ? ಶರಣಾಗತವಜ್ರಪಂಜರ, ಗಂಡರಗಂಡ, ಪರನಾರೀಸಹೋದರ ಇವೆಲ್ಲ ಇಲ್ಲದ ಮಾಂಡಲಿಕನೇ ಇಲ್ಲ. ಇಡೀ ದಖನ್ನು ಉದಾರಿಗಳು, ವೀರರು, ಏಕಪತ್ನೀವ್ರತಸ್ಥರಿಂದ ತುಂಬಿಹೋಗಿ ಆಟದಲ್ಲಿ ಆಡುವುದಕ್ಕೇ ಏನೂ ಉಳಿಯುವುದಿಲ್ಲ. ಪ್ರಶಸ್ತಿ ಎಂಬುದು ಗುಣವರ್ಣನೆಯಲ್ಲ, ಪದವಿಯ ಭಾಷೆ ಎಂಬುದನ್ನು ತರಗತಿಯಲ್ಲಿ ಎಷ್ಟು ಹೇಳಿದರೂ ತಲೆಗೆ ಹತ್ತದವರಿಗೆ ಈ ಒಂದು ಪ್ರಯೋಗ ಸಾಕು.

ಸಂಖ್ಯೆಗಳ ಆಸೆ

ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70. ಲೆಕ್ಕದ ಮೇಲೆ ನಡೆಯುವ ಆಟಕ್ಕೆ ಇಂಥ ಸಂಖ್ಯೆ ಸಿಕ್ಕರೆ ಬಾಯಲ್ಲಿ ನೀರೂರುತ್ತದೆ. ಆಟದಲ್ಲಿ ಪ್ರತಿ ಕೌಂಟಿಗೂ ಸೊನ್ನೆಯಿಂದ ನೂರರವರೆಗೆ 'ಅಭಿವೃದ್ಧಿ'ಯ ಅಂಕ ಇದೆ. ಈ ನಾಡಸಂಖ್ಯೆಗಳನ್ನು ಆ ಅಂಕಕ್ಕೆ ಇಳಿಸೋಣ ಎಂಬ ಸಲಹೆ ಬಂತು. ಬೇಡ ಅಂದೆ.

ಕಾರಣ ಇಷ್ಟು. ಈ ಸಂಖ್ಯೆ ಹಳ್ಳಿಗಳದೋ, ಆದಾಯದ್ದೋ, ಬರಿಯ ರೂಢಿಯೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚಿಕ್ಕ ನಾಡುಗಳಿಗೆ, ಅಂದರೆ ಹನ್ನೆರಡು, ಎಪ್ಪತ್ತು ಇರುವಲ್ಲಿ, ಹಳ್ಳಿಗಳ ಲೆಕ್ಕ ಒಪ್ಪುವಂತಿದೆ. ತೊಂಬತ್ತಾರು ಸಾವಿರಕ್ಕೆ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಸಂಖ್ಯೆಗಳು ಶತಮಾನಗಳ ಕಾಲ ಬದಲಾಗದೆ ಹೆಸರಿಗೆ ಅಂಟಿಕೊಂಡಿವೆ. ಕಾಡು ಕಡಿದರೂ ಕೆರೆ ಕಟ್ಟಿದರೂ ಬನವಾಸಿ ಹನ್ನೆರಡು ಸಾವಿರವೇ. ಬದಲಾಗದ ಸಂಖ್ಯೆ ಅಂಕಿಅಂಶವಲ್ಲ, ಹೆಸರಿನ ಭಾಗ. ಆದ್ದರಿಂದ ಅದನ್ನು ಹೆಸರಿನಲ್ಲೇ ಇಟ್ಟೆವು. ಭೂಪಟದಲ್ಲಿ ಈಗ 'ಬೆಳ್ವೊಲ 300' ಅಂತಲೇ ಕಾಣುತ್ತದೆ. ಬೆಳ್ವೊಲ, ಪುಲಿಗೆರೆ ಎರಡನ್ನೂ ಸೇರಿಸಿ ಶಾಸನಗಳು 'ಎರಡರುನೂರು' ಅನ್ನುವುದರಿಂದ ಅವೆರಡನ್ನೂ ಒಂದೇ ಡಚಿಯ ಕೆಳಗೆ ತಂದದ್ದು ಈ ಅಪ್‌ಡೇಟಿನ ಒಳ್ಳೆಯ ಬದಲಾವಣೆಗಳಲ್ಲಿ ಒಂದು.

ತತ್ಪಾದಪದ್ಮೋಪಜೀವಿ

ಈಗ ಗಂಟಿನ ಜಾಗಕ್ಕೆ ಬರೋಣ. 2024ರ ಸೆಪ್ಟೆಂಬರ್‌ನಲ್ಲಿ ಆಟ 1178 ಎಂಬ ಹೊಸ ಆರಂಭದ ವರ್ಷವನ್ನು ಸೇರಿಸಿತು. ಬೈಜಾಂಟಿಯಂ ಚಕ್ರವರ್ತಿ 1176ರಲ್ಲಿ ತುರ್ಕರಿಂದ ಸೋತ ನಂತರದ ಸನ್ನಿವೇಶಕ್ಕಾಗಿ ಅದು ಬಂದದ್ದು. ಆದರೆ ಆ ವರ್ಷ ಬಂದ ಮೇಲೆ ದಖನ್ನಿಗೂ ಲೆಕ್ಕ ಕೊಡಲೇಬೇಕು. 1178 ಅಂದರೆ ಕರ್ನಾಟಕದ ಇತಿಹಾಸದಲ್ಲೇ ಅತ್ಯಂತ ಗೋಜಲಿನ ವರ್ಷಗಳಲ್ಲಿ ಒಂದು.

ಫೈಲಿನಲ್ಲಿ ಪ್ರತಿ ಪದವಿಗೂ ಎರಡು ಪ್ರಶ್ನೆ: 'ಹೋಲ್ಡರ್' ಯಾರು, ಅವನ 'ಲೀಜ್' ಯಾರು. ಅಂದರೆ ಒಡೆಯ ಯಾರು, ಒಡೆಯನ ಒಡೆಯ ಯಾರು. ಸ್ವತಂತ್ರನಾದರೆ ಲೀಜ್ ಮುಂದೆ ಸೊನ್ನೆ. ಶಾಸನ ಓದುವವರಿಗೆ ಇದು ಪರಿಚಿತ ವ್ಯಾಕರಣ. ಚಾಲುಕ್ಯ ಶಾಸನ ಮೊದಲು ಚಕ್ರವರ್ತಿಯ ಬಿರುದುಗಳನ್ನು ಹೇಳುತ್ತದೆ, ಅವನ ರಾಜ್ಯ ಚಂದ್ರಸೂರ್ಯರಿರುವ ತನಕ ನಡೆಯಲಿ ಅನ್ನುತ್ತದೆ. ಆಮೇಲೆ 'ತತ್ಪಾದಪದ್ಮೋಪಜೀವಿ' ಎಂಬ ಒಂದು ಮಾತು ಬರುತ್ತದೆ. ಅದರ ನಂತರ ಬರುವ ಹೆಸರು ಮಾಂಡಲಿಕನದೋ ದಂಡನಾಯಕನದೋ ಆಗಿರುತ್ತದೆ. ಎಂಟುನೂರು, ಒಂಬೈನೂರು ವರ್ಷ ಹಿಂದಿನ 'ಲೀಜ್' ಸಾಲು ಅದೇ. ಇಷ್ಟು ನೇರವಾದ ಹೊಂದಾಣಿಕೆ ಫ್ರಾನ್ಸಿನ ದಾಖಲೆಗಳಲ್ಲೂ ಎಲ್ಲ ಕಡೆ ಸಿಗಲಿಕ್ಕಿಲ್ಲ.

ಹಾಗಾದರೆ 1178ರಲ್ಲಿ ಕಲ್ಯಾಣದ ಪದವಿ ಯಾರದು? ಕಳಚುರಿ ಬಿಜ್ಜಳ ತರ್ದವಾಡಿ ಸೀಮೆಯ ಮಹಾಮಂಡಲೇಶ್ವರನಾಗಿ ಮೊದಲು ಕಾಣಿಸಿಕೊಂಡವನು. 1162ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳೆಲ್ಲ ಅವನಿಗೆ ಬರುತ್ತವೆ. ಅವನ ಆಳ್ವಿಕೆಯ ವರ್ಷವನ್ನು ಅದಕ್ಕೂ ಕೆಲವು ವರ್ಷ ಹಿಂದಿನಿಂದ ಎಣಿಸುವ ಶಾಸನಗಳೂ ಇವೆ. ಅಂದರೆ ಒಬ್ಬನೇ ಮನುಷ್ಯ ಸ್ವಲ್ಪ ಕಾಲ ಎರಡು ಪದವಿಯಲ್ಲಿ ಓಡಾಡುತ್ತಾನೆ, ಹಳೆಯ ಬಿರುದು, ಹೊಸ ಎಣಿಕೆ. ಅವನ ನಂತರ ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದರು. 1178ರಲ್ಲಿ ಆಳುತ್ತಿದ್ದವನು ನಿಶ್ಶಂಕಮಲ್ಲ ಸಂಕಮ. 1183-84ರ ಸುಮಾರಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಮತ್ತೆ ಮೇಲೇಳುತ್ತಾನೆ. ಹೀಗಾಗಿ ಮೊದಲ ನೋಟಕ್ಕೆ ಉತ್ತರ ಸುಲಭ: ಒಡೆಯ ಸಂಕಮ, ಸೋಮೇಶ್ವರನಿಗೆ ನೆಲವಿಲ್ಲ, ಹಕ್ಕು ಮಾತ್ರ. ಹೊಸ ಆವೃತ್ತಿಯಲ್ಲಿ ನೆಲವಿಲ್ಲದವನಾಗಿಯೂ ಆಡಬಹುದಾದ್ದರಿಂದ ಸೋಮೇಶ್ವರನಾಗಿ ಆಡುವುದು ತುಂಬ ಸೊಗಸಾದ ಆಟವಾಗುತ್ತದೆ. ಹುಡುಗರು ಖುಷಿಯಾದದ್ದು ಅದಕ್ಕೇ.

ಆದರೆ ಉಚ್ಚಂಗಿಯ ಪಾಂಡ್ಯರ ಕಡೆಗೆ ಹೋದರೆ ಚಿತ್ರ ಬೇರೆ. ಕಳಚುರಿಗಳು ಕಲ್ಯಾಣದಲ್ಲಿದ್ದ ಈ ಇಪ್ಪತ್ತು ವರ್ಷಗಳಲ್ಲೂ ಆ ಸೀಮೆಯ ಕೆಲವು ಶಾಸನಗಳು ಜಗದೇಕಮಲ್ಲ ಎಂಬ ಚಾಲುಕ್ಯ ದೊರೆಯನ್ನೇ ಮೇಲೆ ಕೂರಿಸುತ್ತವೆ. ವಿದ್ವಾಂಸರಲ್ಲಿ ಕೆಲವರು ಅವನನ್ನು ಮೂರನೆಯ ಜಗದೇಕಮಲ್ಲ ಎಂದು ಎಣಿಸುತ್ತಾರೆ. ಅವನು ನಿಜವಾಗಿ ಅಲ್ಲಿ ಇದ್ದನೋ, ಕಳಚುರಿಗಳಿಗೆ ತಲೆಬಾಗಲು ಇಷ್ಟವಿಲ್ಲದ ಮಾಂಡಲಿಕನೊಬ್ಬ ಹಳೆಯ ವಂಶದ ಹೆಸರನ್ನು ಹಿಡಿದುಕೊಂಡನೋ? ಶಾಸನದ ಲೋಕದಲ್ಲಿ ಇವೆರಡೂ ಒಟ್ಟಿಗೆ ಇರಬಲ್ಲವು. ಒಂದೇ ದಿನ ಎರಡು ಊರುಗಳಲ್ಲಿ ಎರಡು ಚಕ್ರವರ್ತಿಗಳು 'ಆಳುತ್ತಿರುತ್ತಾರೆ'. ಆಟದ ಫೈಲಿನಲ್ಲಿ ಒಂದು ಪದವಿಗೆ ಒಬ್ಬನೇ.

"ಮೇಡಂ, ಯಾರನ್ನಾದ್ರೂ ಒಬ್ಬನ್ನ ಹೇಳಿ, ಇಲ್ಲಾಂದ್ರೆ ಫೈಲ್ ಮುಂದಕ್ಕೆ ಹೋಗಲ್ಲ" ಅಂದ ಹುಡುಗ.

ಅವನ ಮಾತು ನ್ಯಾಯವೇ. ಕೊನೆಗೆ ಸಂಕಮನನ್ನೇ ಇಟ್ಟೆವು, ಉಚ್ಚಂಗಿಗೆ ಲೀಜ್ ಸೊನ್ನೆ ಹಾಕಿದೆವು. ಇದು ಒಂದು ತೀರ್ಮಾನ, ಸಾಕ್ಷ್ಯವಲ್ಲ. ಆ ವ್ಯತ್ಯಾಸ ಆಟಗಾರನಿಗೆ ಕಾಣುವುದಿಲ್ಲ.

ಹೊಯ್ಸಳ ವೀರಬಲ್ಲಾಳನ ವಿಷಯವೂ ಹಾಗೆಯೇ. 1173ರಿಂದ ದೋರಸಮುದ್ರದಲ್ಲಿ ಅವನದೇ ಆಳ್ವಿಕೆ. ಚಕ್ರವರ್ತಿಯ ಬಿರುದುಗಳೊಂದಿಗೆ ಅವನು ಕಾಣಿಸುವ ಗದಗಿನ ಪ್ರಸಿದ್ಧ ಶಾಸನ 1192ರದ್ದು, ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿದ ನಂತರದ್ದು. ಹಾಗಾಗಿ 1178ಕ್ಕೆ ಅವನನ್ನು 'ಕಿಂಗ್' ಮೆಟ್ಟಿಲಿಗೆ ಏರಿಸುವುದು ಆತುರ. ಯಾರಿಗೂ ಕಪ್ಪ ಕೊಡದ ಮಹಾಮಂಡಲೇಶ್ವರ, ಅಂದರೆ ಸ್ವತಂತ್ರ ಡಚಿ, ಅನ್ನುವುದೇ ಹೆಚ್ಚು ಸರಿ. ಹೊಯ್ಸಳರ ಅಭಿಮಾನಿಗಳಿಗೆ ಬೇಜಾರಾಗಬಹುದು. ಆದರೆ ಇಪ್ಪತ್ತು ವರ್ಷದಲ್ಲಿ ಆ ಮೆಟ್ಟಿಲು ಏರುವುದೇ ಅಲ್ಲವೆ ಅವನ ಕಥೆ?

ನೆಲ ಒಬ್ಬನದು, ತೆರಿಗೆ ಇನ್ನೊಬ್ಬನದು

ಇಲ್ಲಿಯವರೆಗಿನ ತೊಡಕುಗಳನ್ನು ಜಾಣತನದಿಂದ ಬಗೆಹರಿಸಬಹುದು. ಮುಂದಿನದು ಆಟದ ಬುನಾದಿಯದೇ ತೊಡಕು.

ಆಟದ ಲೋಕದಲ್ಲಿ ನೆಲ ಅಂದರೆ ಆಸ್ತಿ. ಕೌಂಟಿ ಹಿಡಿದವನು ಅದರ ತೆರಿಗೆಯನ್ನೂ ಸೈನ್ಯವನ್ನೂ ಪಡೆಯುತ್ತಾನೆ, ಸತ್ತ ಮೇಲೆ ಅದು ಮಕ್ಕಳಿಗೆ ಹೋಗುತ್ತದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಇಂಥವರಿದ್ದಾರೆ. ಹಾನಗಲ್ಲಿನ ಕದಂಬರು, ಸವದತ್ತಿಯ ರಟ್ಟರು, ಹುಂಚದ ಸಾಂತರರು ವಂಶಪಾರಂಪರ್ಯವಾಗಿ ಬಂದವರೇ. ಆದರೆ ಅವರ ಪಕ್ಕದಲ್ಲೇ ಇನ್ನೊಂದು ಬಗೆಯವರಿದ್ದಾರೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಲನನ್ನು ನೋಡಿ. ಅವನಿಗೆ ಎರಡರುನೂರು ಇದೆ, ಬನವಾಸಿ ಇದೆ, ಅದರ ಮೇಲೆ ಏಳೂವರೆ ಲಕ್ಷ ದೇಶದ ಪನ್ನಾಯವೆಂಬ ಸುಂಕದ ಅಧಿಕಾರವೂ ಇದೆ. ಅಂದರೆ ಬೇರೆ ಬೇರೆ ಅರಸರು ಆಳುವ ನಾಡುಗಳಲ್ಲೆಲ್ಲ ಒಂದು ಬಗೆಯ ಸುಂಕ ಮಾತ್ರ ಇವನ ಇಲಾಖೆಗೆ ಸೇರುತ್ತದೆ. ಅದೇ ಊರಿನಲ್ಲಿ ಮಹಾಜನರಿಗೆ ಅವರ ಹಕ್ಕು, ದೇವಸ್ಥಾನಕ್ಕೆ ಅದರ ಹಕ್ಕು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಶಾಸನಗಳು ಸುಂಕಗಳನ್ನು ಬಿಡಿಬಿಡಿಯಾಗಿ ಹೆಸರಿಸುವುದೇ ಅವು ಬಿಡಿಬಿಡಿಯಾಗಿ ಕೈ ಬದಲಾಯಿಸುತ್ತಿದ್ದುದರಿಂದ. ಭೂಪಟದಲ್ಲಿ ಒಂದು ತುಂಡಿಗೆ ಒಂದು ಬಣ್ಣ ಬಳಿಯುವ ಯಾವ ಆಟಕ್ಕೂ ಇದು ಸಿಗುವುದಿಲ್ಲ.

2024ರ ಅದೇ ವಿಸ್ತರಣೆ ಬೈಜಾಂಟಿಯಂಗಾಗಿ ಹೊಸ ಆಡಳಿತ ಪದ್ಧತಿಯೊಂದನ್ನು ತಂದಿತು. ಅದರಲ್ಲಿ ಪ್ರಾಂತಾಧಿಕಾರಿಗಳನ್ನು ನೇಮಿಸುತ್ತಾರೆ, ನಾಡು ನೇರವಾಗಿ ಮಗನಿಗೆ ಹೋಗುವುದಿಲ್ಲ. ಚಾಲುಕ್ಯರಿಗೂ ಇದನ್ನೇ ಕೊಡೋಣವೇ ಎಂಬುದು ಈ ಅಪ್‌ಡೇಟಿನ ದೊಡ್ಡ ಚರ್ಚೆಯಾಯಿತು. ನನ್ನ ಅಭಿಪ್ರಾಯ ಹೀಗೆ: ಬನವಾಸಿ, ಬೆಳ್ವೊಲಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಸವದತ್ತಿ, ಹುಂಚಗಳಿಗೆ ಹೊಂದುವುದಿಲ್ಲ. ಒಂದೇ ರಾಜ್ಯದೊಳಗೆ ಎರಡೂ ಇದ್ದವು. ಯಾವುದನ್ನು ಆರಿಸಿದರೂ ಅರ್ಧ ಸತ್ಯವೇ. ಆದರೂ ಹೊಸ ಪದ್ಧತಿ ಹಳೆಯ ಅರ್ಧ ಸತ್ಯಕ್ಕಿಂತ ಉಪಯುಕ್ತ, ಏಕೆಂದರೆ ಅದು ನೇಮಕಕ್ಕೆ ಜಾಗ ಕೊಡುತ್ತದೆ.

ನೇಮಕಕ್ಕೆ ಜಾಗ ಸಿಕ್ಕರೆ ಹೆಂಗಸರಿಗೂ ಜಾಗ ಸಿಗಬೇಕು. ಹಳೆಯ ಆವೃತ್ತಿಯಲ್ಲಿ 1066ರ ದಖನ್ನಿನ ಹೆಂಗಸರೆಲ್ಲ ಯಾರದೋ ಹೆಂಡತಿ, ಯಾರದೋ ತಾಯಿ. ಶಾಸನಗಳು ಹೇಳುವುದು ಬೇರೆ. ಒಂದನೆಯ ಸೋಮೇಶ್ವರನ ರಾಣಿ ಮೈಲಲದೇವಿ 1053ರಲ್ಲಿ ಬನವಾಸಿ 12000ವನ್ನು ಆಳುತ್ತಿದ್ದಳು. ಮತ್ತೊಬ್ಬ ರಾಣಿ ಕೇತಲದೇವಿ 1054ರಲ್ಲಿ ಪೊನ್ನವಾಡ ಅಗ್ರಹಾರವನ್ನು ನೋಡಿಕೊಳ್ಳುತ್ತಿದ್ದಳು, ಅದೇ ಈಗಿನ ಹೊನವಾಡ. ಅವನ ಸೋದರತ್ತೆ ಅಕ್ಕಾದೇವಿಗೆ ಕಿಸುಕಾಡು 70 ಮೊದಲಾದ ನಾಡುಗಳಿದ್ದವು, 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದವಳು ಅವಳೇ, ಗುಣದ ಬೆಡಂಗಿ ಅನ್ನುವುದು ಅವಳ ಬಿರುದು. ಹೆಣ್ಣಿನ ಹೆಸರನ್ನು ಒಡೆಯನ ಜಾಗದಲ್ಲಿ ಬರೆದರೆ ಫೈಲ್ ತಕರಾರು ಮಾಡುವುದಿಲ್ಲ. ಇದುವರೆಗೆ ಬರೆದವರು ಇರಲಿಲ್ಲ, ಅಷ್ಟೆ. ಈ ಆವೃತ್ತಿಯಲ್ಲಿ ಮೂವರಿಗೂ ತಮ್ಮ ತಮ್ಮ ವರ್ಷದಲ್ಲಿ ಸಾಲು ಸಿಕ್ಕಿದೆ.

ಧರ್ಮದ ಕಾಲಮ್ಮಿನ ಬಗ್ಗೆ ಒಂದೇ ಮಾತು. ಆಟದಲ್ಲಿ ಒಬ್ಬನಿಗೆ ಒಂದೇ ಮತ. ಅಮೋಘವರ್ಷ ಜಿನಸೇನರ ಶಿಷ್ಯನೆಂದು ಜೈನ ಪರಂಪರೆ ನೆನೆಯುತ್ತದೆ. ಶಕ 793ರ ಸಂಜಾನ ತಾಮ್ರಪಟಗಳು ಅದೇ ದೊರೆ ಪ್ರಜೆಗಳ ಆಪತ್ತು ಕಳೆಯಲೆಂದು ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದ ಅನ್ನುತ್ತವೆ. ಕಾಲಮ್ಮಿನಲ್ಲಿ ಏನು ಬರೆದರೂ ಬೆರಳು ಹೊರಗೇ ಉಳಿಯುತ್ತದೆ.

ಕಾಣೆಯಾಗಿರುವ ಆವರಣ ಚಿಹ್ನೆ

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯ ದೂರು. ಅದು ಆಟದ ಮೇಲಲ್ಲ, ಮಾಡ್ ಮಾಡುವ ರೂಢಿಯ ಮೇಲೆ.

ಶಾಸನ ಸಂಪಾದಕರು ಕಲ್ಲು ಸವೆದ ಕಡೆ ಅಕ್ಷರವನ್ನು ಚೌಕ ಆವರಣದೊಳಗೆ ಹಾಕುತ್ತಾರೆ. ತಾವೇ ತುಂಬಿದ ಅಕ್ಷರಕ್ಕೆ ನಕ್ಷತ್ರ ಚಿಹ್ನೆ ಇಡುತ್ತಾರೆ. ಓದುಗನಿಗೆ ಇದು ಕಲ್ಲಿನ ಮಾತೋ ಸಂಪಾದಕನ ಮಾತೋ ಅಂತ ತಿಳಿಯಲಿ ಎಂಬುದೇ ಅದರ ಉದ್ದೇಶ. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದ ಎಷ್ಟೋ ದಶಕಗಳ ಮೇಲೆ, 1972ರಿಂದ, ಮೈಸೂರಿನಲ್ಲಿ ಅವುಗಳ ಪರಿಷ್ಕೃತ ಆವೃತ್ತಿ ಬರತೊಡಗಿತು. ಅದೂ ಒಂದು ಅಪ್‌ಡೇಟೇ. ರೈಸ್ ಹೀಗೆ ಓದಿದ್ದರು, ನಾವು ಹೀಗೆ ಓದುತ್ತೇವೆ ಅಂತ ಹೋಲಿಸಿ ನೋಡಲು ಸಾಧ್ಯವಾಗುವುದು ಎರಡೂ ಪ್ರತಿಗಳು, ಎರಡೂ ಸಂಖ್ಯೆಗಳು ಉಳಿದಿರುವುದರಿಂದ. ಮಾಡ್‌ನ ಅಪ್‌ಡೇಟ್ ಹಾಗಲ್ಲ. ಹಳೆಯ ಸಾಲು ಅಳಿಯುತ್ತದೆ, ಹೊಸ ಸಾಲು ಬರುತ್ತದೆ. ಯಾಕೆ ಬದಲಾಯಿತು ಎಂಬುದು ಬದಲಾಯಿಸಿದವರ ತಲೆಯಲ್ಲಿ ಇರುತ್ತದೆ. ಅವರು ಕೆಲಸ ಸಿಕ್ಕಿ ಮಾಡ್ ಬಿಟ್ಟ ದಿನ ಅದೂ ಹೋಗುತ್ತದೆ.

ಇದರಿಂದ ಆಗುವ ನಷ್ಟ ಆಟದೊಳಗೆ ನಿಲ್ಲುವುದಿಲ್ಲ. ಆಟದ ಭೂಪಟದ ಚಿತ್ರಗಳು 'ಚಾಲುಕ್ಯ ಸಾಮ್ರಾಜ್ಯ' ಎಂಬ ತಲೆಬರಹ ಹೊತ್ತು ವಾಟ್ಸಾಪಿನಲ್ಲಿ ಓಡಾಡುತ್ತವೆ. ಜಾಗ ತುಂಬಲು ಹುಟ್ಟಿಸಿದ ಹೆಸರು ಹಳಗನ್ನಡದ ಹಾಗೆ ಕೇಳಿಸಿದರೆ ಸಾಕು, ಯಾರದೋ ವಂಶಾವಳಿಯೊಳಗೆ ನುಗ್ಗುತ್ತದೆ. ಆಮೇಲೆ ಅದನ್ನು ಹೊರಗೆ ಹಾಕುವುದು ಕೃತಕ ತಾಮ್ರಪಟವನ್ನು ಹೊರಗೆ ಹಾಕುವಷ್ಟೇ ಕಷ್ಟ. ಗಂಗರ ಹೆಸರಿನ ಕೃತಕ ತಾಮ್ರಪಟಗಳ ಜೊತೆ ನಾವು ಪಟ್ಟ ಪಾಡು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಪರಿಹಾರ ಅಗ್ಗ. ಆಟದ ಫೈಲುಗಳಲ್ಲಿ ಹ್ಯಾಶ್ ಚಿಹ್ನೆ ಹಾಕಿದರೆ ಅದರ ಮುಂದಿನದನ್ನು ಆಟ ಓದುವುದಿಲ್ಲ, ಮನುಷ್ಯರು ಓದಬಹುದು. ನಾವು ಮಾಡಿಕೊಂಡ ನಿಯಮ ಇಷ್ಟು. ಪ್ರತಿ ಸಾಲಿನ ಪಕ್ಕದಲ್ಲಿ ಹ್ಯಾಶ್ ಹಾಕಿ ಮೂರರಲ್ಲಿ ಒಂದು ಪದ ಬರೆಯಬೇಕು: ಶಾಸನ, ಊಹೆ, ಕಲ್ಪನೆ. ಶಾಸನವಾದರೆ ಊರು, ಶಕವರ್ಷ, ಪ್ರಕಟವಾದ ಸಂಪುಟ. ಊಹೆಯಾದರೆ ಯಾವ ಶಾಸನದಿಂದ ಊಹಿಸಿದ್ದು. ಕಲ್ಪನೆಯಾದರೆ ಆ ಒಂದು ಪದವೇ ಸಾಕು. ಹಳೆಯ ಸಾಲನ್ನು ಅಳಿಸದೆ, ಅದಕ್ಕೂ ಹ್ಯಾಶ್ ಹಾಕಿ ಕೆಳಗೆ ಬಿಡಬೇಕು.

ದಖನ್ನಿನ ಎಲ್ಲ ಸಾಲುಗಳಿಗೂ ಈ ಗುರುತು ಹಾಕಿ ಮುಗಿದಿಲ್ಲ. ಮುಗಿದಷ್ಟರಲ್ಲೇ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬೆಳ್ವೊಲ, ಬನವಾಸಿ, ಪುಲಿಗೆರೆಯ ಫೈಲುಗಳ ತುಂಬ 'ಶಾಸನ'. ಕರಾವಳಿಯ ಕಡೆಗೂ ಮಲೆನಾಡಿನ ಒಳಗೂ ಹೋದ ಹಾಗೆ 'ಕಲ್ಪನೆ' ಹೆಚ್ಚುತ್ತದೆ. ಅಲ್ಲೆಲ್ಲ ಶಾಸನವೇ ಇಲ್ಲವೋ, ನಾವು ಓದಿಲ್ಲವೋ ಎಂಬುದು ಬೇರೆ ಪ್ರಶ್ನೆ. ಆ ಸೀಮೆಗಳ ಸಂಪುಟಗಳನ್ನು ಕೈಯಲ್ಲಿ ಹಿಡಿದು ಕೂರಲು ಮನಸ್ಸಿರುವವರು ಈ ಜಾಗದಲ್ಲಿ ಇದ್ದೇ ಇರುತ್ತೀರಿ. ಆಟ ಆಡಲು ಬರಬೇಕಿಲ್ಲ. ಶಕವರ್ಷಕ್ಕೆ 78 ಕೂಡಿಸಲು ಬಂದರೆ ಆಯಿತು.